ಕಂಪ್ಯೂಟರಿನ ಕಳ್ಳನನ್ನು ನಾನು ಹಿಡಿದದ್ದು

ಕಂಪ್ಯೂಟರ್ ವಿಷಯದಲ್ಲಿ ನನಗೆ ಯಾರ ಸಹಾಯವೂ ಬೇಕಿರಲಿಲ್ಲ. ತಿ. ನರಸೀಪುರದಲ್ಲಿ ಶಿಕ್ಷಕರಿಗೆಂದು ನಡೆದ ಹತ್ತು ದಿನಗಳ ತರಬೇತಿಯನ್ನು ಒಂದು ದಿನವೂ ತಪ್ಪಿಸದೆ ಮುಗಿಸಿದವಳು ನಾನು. ಎರಡು ಸಾವಿರದ ನಾಲ್ಕರಲ್ಲಿ ನಂಜನಗೂಡಿನ ನಮ್ಮ ಬೀದಿಗೆ ಬಂದ ಮೊದಲ ಕಂಪ್ಯೂಟರ್ ನಮ್ಮ ಮನೆಯದೇ. ಹಾಗಾಗಿ ಮೂರು ಶಾಲೆಗಳ ಅರ್ಧವಾರ್ಷಿಕ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಯಾರು ಮಾಡಿಕೊಡುತ್ತೀರಿ ಎಂದು ಸಭೆಯಲ್ಲಿ ಕೇಳಿದಾಗ, ಮುಖ್ಯೋಪಾಧ್ಯಾಯಿನಿಯಾದ ನಾನು ಎದ್ದು ನಿಂತೆ.

"ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದು ತಗೊಂಡ್ಹೋಗಿ. ಜೆರಾಕ್ಸ್ ಮಾಡಿಸ್ಕೊಳ್ಳೋದಷ್ಟೇ ನಿಮ್ಮ ಕೆಲಸ!"

ಹೆಡತಲೆ ಶಾಲೆಯ ಶಿವಣ್ಣ ಮೇಷ್ಟ್ರು ಚಪ್ಪಾಳೆಯನ್ನೇ ತಟ್ಟಿದರು.

ಶನಿವಾರ ಮಧ್ಯಾಹ್ನ ಏಳು ಪತ್ರಿಕೆಗಳನ್ನೂ ಟೈಪ್ ಮಾಡಿ ಮುಗಿಸಿದೆ. ಕಂಪ್ಯೂಟರ್ ಮಾತ್ರ ತೆವಳುತ್ತಿತ್ತು. ಒಳಗೆ ವೈರಸ್ ಸೇರಿರಬೇಕೆಂದು ಅನುಮಾನವಾಯಿತು. ತರಬೇತಿಯಲ್ಲಿ ಹೇಳಿಕೊಟ್ಟಂತೆ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದೆ. ನಮಗೆ ಕಾಣದಂತೆ ಒಳಗೆ ಕೆಲಸ ಮಾಡುತ್ತಿರುವವರ, ಎಂದರೆ ಪ್ರೋಗ್ರಾಮುಗಳ, ಪಟ್ಟಿ ತೆರೆದುಕೊಂಡಿತು. ಒಂದು ಹೆಸರು ಐದು ಸಲ ಇತ್ತು. ದೊಡ್ಡ ಕುಟುಂಬ, ಇರಲಿ ಎಂದು ಬಿಟ್ಟೆ. ಅದರ ಕೆಳಗೆ ಒಬ್ಬನೇ ಕುಳಿತಿದ್ದ ಒಬ್ಬ. ಇಂಗ್ಲಿಷಿನಲ್ಲಿ 'ಸ್ಪೂಲ್‌ಎಸ್‌ವಿ' ಎಂದಿತ್ತು.

ಇಪ್ಪತ್ತೆರಡು ವರ್ಷ ಕಾಪಿ ತಿದ್ದಿದ ಕಣ್ಣಿಗೆ ತಪ್ಪು ತಕ್ಷಣ ಕಂಡಿತು. 'ಸ್ಪಾಯಿಲ್' ಎಂದು ಬರೆಯಲು ಹೋಗಿ 'ಐ' ಬದಲು 'ಓ' ಹಾಕಿದ್ದಾನೆ! ಹಾಳು ಮಾಡುವುದೇ ಇವನ ಕಸುಬು, ಅದನ್ನೂ ನೆಟ್ಟಗೆ ಬರೆಯಲು ಬಾರದು! ಆ ಹೆಸರನ್ನು ಆರಿಸಿ ಅಲ್ಲೇ ಮುಗಿಸಿಬಿಟ್ಟೆ.

ಆಮೇಲೆ ಪ್ರಿಂಟ್ ಒತ್ತಿದೆ. ಮೊದಲು ಪ್ರಿಂಟರ್ ಒಂದನ್ನು ಜೋಡಿಸಿ ಎಂದು ಕಂಪ್ಯೂಟರ್ ಸೂಚನೆ ಕೊಟ್ಟಿತು.

"ಪಕ್ಕದಲ್ಲೇ ಕೂತಿದೆಯಲ್ಲ, ಕಣ್ಣು ಕಾಣಲ್ವಾ!" ಎಂದು ಗದರಿದೆ.

ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನನ್ನ ಯಜಮಾನರು ಅಲ್ಲಿಂದಲೇ ಕೂಗಿದರು. "ಯಾರ್ಗೇ ಬೈತಿದ್ದೀಯ?"

"ನಿಮಗಲ್ಲ, ಸುಮ್ನಿರಿ!"

ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದೆ. ನೋಡುತ್ತೇನೆ, ಸತ್ತವನು ಎದ್ದು ಬಂದು ಪಟ್ಟಿಯಲ್ಲಿ ಕುಳಿತಿದ್ದಾನೆ! ಪ್ರಿಂಟರನ್ನು ನುಂಗಿದವನು ಇವನೇ ಎಂದು ಖಾತ್ರಿಯಾಯಿತು. ಮತ್ತೆ ಮುಗಿಸಿದೆ. ಸಂಜೆಯೊಳಗೆ ಅವನನ್ನು ಒಂಬತ್ತು ಸಲ ಕೊಂದೆ. ಪ್ರತಿ ಸಲವೂ ಮೊದಲು ವಧೆ, ಆಮೇಲೆ ಪ್ರಿಂಟ್. ಒಂದು ಹಾಳೆಯೂ ಹೊರಬರಲಿಲ್ಲ.

ಭಾನುವಾರ ಪ್ರಿಂಟರನ್ನೇ ದುಪ್ಪಟಿಯಲ್ಲಿ ಸುತ್ತಿಕೊಂಡು ನರಸೀಪುರದ ಬಸ್ಸು ಹತ್ತಿದೆ.

"ಮೇಡಮ್ಮೋರೆ, ಮಡ್ಲಲ್ಲಿ ಏನು, ಟಿವಿನಾ?" ಎಂದ ಕಂಡಕ್ಟರ್.

"ಪ್ರಿಂಟರು. ಕೆಟ್ಟಿದೆ."

"ಅಂಗಾದ್ರೆ ಆಸ್ಪತ್ರೆ ಸ್ಟಾಪಲ್ಲೇ ಇಳ್ಕಳಿ!"

ಇಡೀ ಬಸ್ಸು ನಕ್ಕಿತು. ನಾನು ನಗಲಿಲ್ಲ.

ತರಬೇತಿ ಕೊಟ್ಟಿದ್ದ ಮೇಷ್ಟ್ರು ತಮ್ಮ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿದ ಕೂಡಲೇ ಕರಕರನೆ ಹಾಳೆ ಹೊರಬಂತು.

"ಪ್ರಿಂಟರ್ ಚೆನ್ನಾಗದೆ ಮೇಡಂ. ಮನೇಲಿ ಕಂಪ್ಯೂಟರಲ್ಲಿ ಏನಾದ್ರೂ ತೆಗೆದ್ರಾ?"

"ನಾನಾ? ಏನೂ ಇಲ್ಲ!" ಎಂದೆ. ಕಳ್ಳನನ್ನು ಹೊರಹಾಕಿದರೆ ಅದು ತೆಗೆದಂತೆಯೇ?

"ಓಗ್ಲಿ, ಪ್ರಶ್ನೆಪತ್ರಿಕೆ ಫ್ಲಾಪಿ ಕೊಡಿ, ಇಲ್ಲೇ ಪ್ರಿಂಟ್ ತೆಗೆದುಕೊಡ್ತೀನಿ."

ಅಷ್ಟು ದೊಡ್ಡ ಪ್ರಿಂಟರನ್ನು ಹೊತ್ತು ತಂದಿದ್ದೆ. ಅಂಗೈಯಗಲದ ಫ್ಲಾಪಿಗೆ ಪತ್ರಿಕೆಗಳನ್ನು ತುಂಬಿಕೊಂಡು ತರಬೇಕೆಂದು ಹೊಳೆದಿರಲಿಲ್ಲ!

ಮನೆಗೆ ಬಂದು ಎಲ್ಲ ಜೋಡಿಸಿ, ಎಂದಿನಂತೆ ಮೊದಲು ವಧೆಗೆ ಕೈಹಾಕಿದೆ. ಹಿಂದೆ ನಿಂತಿದ್ದ ಯಜಮಾನರು ಕನ್ನಡಕ ಏರಿಸಿ ಪರದೆಗೆ ಬಗ್ಗಿದರು.

"ಇದೇನೇ, ಸ್ಪೂಲ್ ಅಂತದೆ?"

"ಸ್ಪಾಯಿಲ್ ಕಣ್ರೀ. ತಪ್ಪು ಬರೆದಿದ್ದಾನೆ."

"ಸರಿಯಾಗೇ ಅದೆ ಕಣೇ. ನಮ್ಮ ದಾರದ ಡಬ್ಬಿ ಮೇಲೂ ಇಂಗೇ ಇರ್ತದೆ. ದಾರ ಸುತ್ತಿರೋ ಸ್ಪೂಲ್ ಕಿತ್ತಾಕಿದ್ರೆ ನನ್ ಮಿಷನ್ನೇ ಒಲಿಯಲ್ಲ. ಒಂದ್ಸಲ ಅದನ್ನ ಅದರ ಪಾಡಿಗೆ ಬಿಟ್ಟು ನೋಡು."

"ಬಟ್ಟೆ ಹೊಲಿಯೋದಕ್ಕೂ ಕಂಪ್ಯೂಟರಿಗೂ ಏನ್ರೀ ಸಂಬಂಧ?" ಎಂದು ಅವರ ಕಣ್ಣೆದುರಿಗೇ ಹತ್ತನೆಯ ಸಲ ಕೊಂದೆ. ತರಬೇತಿ ಆಗಿರುವುದು ನನಗೋ, ಅವರಿಗೋ?

ಸೋಲುವ ಮಾತೇ ಇರಲಿಲ್ಲ. ಸೋಮವಾರ ಬೆಳಿಗ್ಗೆ ಐದಕ್ಕೆ ಎದ್ದು, ಕಪ್ಪು ಶಾಯಿಯ ಪೆನ್ನು ಹಿಡಿದು, ಏಳು ಪತ್ರಿಕೆಗಳನ್ನೂ ಪರದೆ ನೋಡಿಕೊಂಡು ಕೈಯಲ್ಲೇ ಬರೆದೆ. ಬೆರಳು ಊದಿಕೊಂಡವು. ಎಂಟಕ್ಕೆ ಶಿವಣ್ಣ ಮೇಷ್ಟ್ರು ಬಂದಾಗ ಲಕೋಟೆಗೆ ಅಂಟು ಹಚ್ಚಿ, "ಗೋಪ್ಯ!" ಎಂದು ಕೈಗಿಟ್ಟೆ. ಆ ವಾರ ಪರೀಕ್ಷೆ ಸಾಂಗವಾಗಿ ನಡೆಯಿತು.

ಅದೇ ಸೋಮವಾರ ಸಂಜೆ, ಯಜಮಾನರು ಗುಂಡಿ ತರಲು ಪೇಟೆಗೆ ಹೋಗಿದ್ದಾಗ, ಕಂಪ್ಯೂಟರ್ ಹಾಕಿ ಯಾರನ್ನೂ ಕೊಲ್ಲದೆ ಪ್ರಿಂಟ್ ಒತ್ತಿದೆ. ಏಳೂ ಪತ್ರಿಕೆಗಳು ಒಂದರ ಹಿಂದೊಂದು ಸಲೀಸಾಗಿ ಬಂದವು. ಹಾಳೆಗಳನ್ನು ಹಳೆಯ ದಿನಪತ್ರಿಕೆಗಳ ಅಡಿಗೆ ತಳ್ಳಿದೆ. ಯಜಮಾನರಿಗೆ ಇವತ್ತಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಮುಂದಿನ ಸಭೆಯಲ್ಲಿ ಶಿವಣ್ಣ ಮೇಷ್ಟ್ರು ಎಲ್ಲರೆದುರು ನನ್ನ ಪ್ರಶ್ನೆಪತ್ರಿಕೆಯ ಜೆರಾಕ್ಸ್ ಎತ್ತಿ ಹಿಡಿದರು.

"ಅದ್ಯಾವ ಫಾಂಟ್ ಆಕಿದ್ರಿ ಮೇಡಂ? ಥೇಟ್ ಕೈಬರಹ! ಆದ್ರೆ ಕೆಳಗೆ ಓಗ್ತಾ ಓಗ್ತಾ ಸಾಲು ಸೊಟ್ಟ ಆಯ್ತದೆ. ಪ್ರಿಂಟರ್ನ ಒಂದ್ಸಲ ಯಾರಿಗಾದ್ರೂ ತೋರ್ಸಿ."

"ಅದಕ್ಕೇನೂ ಆಗಿಲ್ಲ ಮೇಷ್ಟ್ರೆ," ಎಂದೆ ತಲೆ ಎತ್ತಿಯೇ. "ಅವತ್ತು ಬೆಳಿಗ್ಗೆ ಐದಕ್ಕೇ ಎಬ್ಬಿಸಿದ್ದೆ. ಇನ್ನೂ ನಿದ್ದೆಗಣ್ಣಲ್ಲಿತ್ತು!"