ಬೇಲಿಯಾಚೆಯ ಎರಡು ಬೆರಳು

ಅವಮಾನವನ್ನು ಮರೆತುಬಿಡಬೇಕೆಂದು ಉಪದೇಶಿಸುವವರು, ನಾನು ಕಂಡಂತೆ, ಬಹುತೇಕ ಅದನ್ನು ಮಾಡಿದವರೇ ಆಗಿರುತ್ತಾರೆ. ನಾನು ಯಾವುದನ್ನೂ ಮರೆತವನಲ್ಲ. ಗದಗಿನಲ್ಲಿ, ನನ್ನ ಮದುವೆಯ ಪಂಕ್ತಿಯಲ್ಲಿಯೇ ನನ್ನ ಎಲೆಯನ್ನು ದಾಟಿ ಹೋಳಿಗೆಯ ಬುಟ್ಟಿ ಮುಂದೊಯ್ದ ಷಡ್ಡಕನ ಬೆನ್ನು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹೀಗಿರುವಾಗ, ಪರದೇಶದ ಹ್ಯಾಮಿಲ್ಟನ್ ಊರಿನ ರೊಟೊಟೂನ ಬಡಾವಣೆಯಲ್ಲಿರುವ ಮಗಳ ಮನೆಯ ಬೇಲಿಯಾಚೆಯಿಂದ ಕಾರ್ಮೆಲಾ ಎಂಬ ಇಟಲಿಯ ಮುದುಕಿ ನನ್ನೆದುರು ಎರಡು ಬೆರಳು ಚಾಚಿದ್ದನ್ನು ಮರೆಯುವುದು ಹೇಗೆ?

ಆ ಕುಟುಂಬದ ಮೇಲೆ ನನಗೆ ಮೊದಲಿನಿಂದಲೂ ಸಂಶಯ. ಮಗ ಆಂತೋನಿಯೊ ಇಲ್ಲಿಯ ಚೀಸ್ ಕಾರ್ಖಾನೆಯ ಕೆಲಸಕ್ಕೆಂದು ಹೆಂಡತಿ ಮಕ್ಕಳೊಡನೆ ಇಟಲಿ ಬಿಟ್ಟು ಬಂದನಂತೆ. ಅವನ ಹಿಂದೆಯೇ ತಾಯಿಯೂ ಬಂದಳಂತೆ. ಅಷ್ಟು ಚೆಂದದ ದೇಶವನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ? ನಾವು ಗದಗ ಬಿಟ್ಟದ್ದು ಬೇರೆ ವಿಷಯ. ಮಗಳಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ. ಅವರ ಬಾಗಿಲ ಮೇಲೆ ಕೆಂಪು ಕೊಂಬೊಂದು ತೂಗುತ್ತಿತ್ತು. ಗ್ಯಾರೇಜಿನಲ್ಲಿ ಮನೆಮಂದಿಯೆಲ್ಲ ಸೇರಿ ಹಂಡೆಗಟ್ಟಲೆ ಏನನ್ನೋ ಕುದಿಸಿ, ಮೊಣಕೈವರೆಗೆ ಕೆಂಪಾಗಿ ಹೊರಬರುತ್ತಿದ್ದರು. ವರ್ಷಕ್ಕಾಗುವಷ್ಟು ಟೊಮ್ಯಾಟೊ ಸಾಸ್ ಎಂದು ನನ್ನ ಹೆಂಡತಿ ಸುಮಿತ್ರೆ ಸಮರ್ಥಿಸಿದಳು. ಆಕೆ ಸಮರ್ಥಿಸದೆ ಇನ್ನೇನು? ಈ ದೇಶಕ್ಕೆ ಬಂದಿಳಿದಾಗ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಇವಳ ಕರಿಬೇವು, ಕಾರ್ಮೆಲಾಳ ಬೀಜದ ಪೊಟ್ಟಣ ಎರಡೂ ಕಸದ ಪಾಲಾಗಿದ್ದವು. ಆ ದುಃಖದಲ್ಲಿ ಬೆಳೆದ ಸ್ನೇಹ. ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದಿದ್ದರೂ ದಿನವೂ ಸಂಜೆ ಜೊತೆಯಾಗಿ ತಿರುಗಾಡಲು ಹೋಗುತ್ತಿದ್ದರು. ಈ ಊರಿನಲ್ಲಿ ಸುಮಿತ್ರೆಗೆ ಇದ್ದ ಗೆಳತಿ ಅವಳೊಬ್ಬಳೇ.

ಒಂದು ಬೆಳಿಗ್ಗೆ, ನೆರೆಹೊರೆಯ ಸೌಜನ್ಯಕ್ಕಾಗಿ, ಬೇಲಿಯ ಬಳಿ ನಿಂತು ಕಾರ್ಮೆಲಾಳ ಟೊಮ್ಯಾಟೊ ಗಿಡವನ್ನು ನನ್ನ ಹೆಡ್‌ಮಾಸ್ತರಿಕೆಯ ಇಂಗ್ಲಿಷಿನಲ್ಲಿ ವಿಸ್ತಾರವಾಗಿ ಹೊಗಳಿದೆ. ಆಕೆಯ ನಗು ಮಾಯವಾಯಿತು. ತೋರುಬೆರಳು, ಕಿರುಬೆರಳು ಎರಡನ್ನೂ ಚಾಚಿ ನೆಲದತ್ತ ಝಾಡಿಸಿ, ಏನನ್ನೋ ಗೊಣಗಿ, ಗಿಡದ ಮೇಲೆ ಚಾದರ ಹೊದಿಸಿದಳು. ಸಂಜೆಯ ತಿರುಗಾಟ ಬೇಕೋ ಗಂಡನ ಮರ್ಯಾದೆ ಬೇಕೋ ನಿರ್ಧರಿಸೆಂದು ಸುಮಿತ್ರೆಗೆ ಅಂದೇ ಹೇಳಿದೆ. ಆಕೆ ತಿರುಗಾಟ ನಿಲ್ಲಿಸಿದಳು. ಸಂಜೆಯಾದರೆ ಕಾರ್ಮೆಲಾ ಗೇಟಿನ ಬಳಿ ಕಾದು ಹಿಂತಿರುಗುತ್ತಿದ್ದಳು. ಇವಳು ಕಿಟಕಿಯಿಂದ ಅದನ್ನೇ ನೋಡುತ್ತಿದ್ದಳು. ಸಾರಿಗೆ ಉಪ್ಪು ಬೀಳುವುದು ನಿಂತುಹೋಯಿತು.

ಕೊನೆಗೆ ಆಂತೋನಿಯೊ ಸಾಸಿನ ಬಾಟಲಿ ಹಿಡಿದು ಬಂದ. ಯಾರಾದರೂ ಅತಿಯಾಗಿ ಹೊಗಳಿದರೆ ದೃಷ್ಟಿ ತಾಗುತ್ತದೆಂದು ಅವರ ಕಡೆ ನಂಬಿಕೆಯಂತೆ; ಬೆರಳು ಅದಕ್ಕೆ, ಬಾಗಿಲ ಕೊಂಬೂ ಅದಕ್ಕೇ. "ಅಮ್ಮನಿಗೆ ನಿಮ್ಮ ಮೇಲೆ ಸಿಟ್ಟಿಲ್ಲ ಅಂಕಲ್, ಭಯ ಅಷ್ಟೆ" ಎಂದು ಇಂಗ್ಲಿಷಿನಲ್ಲಿ ಸಮಾಧಾನಪಡಿಸಿದ.

ಇಂಥ ಸಮಾಧಾನವೂ ಉಂಟೇ? ನನ್ನದು ಕೆಟ್ಟ ಕಣ್ಣೇ ಎಂದು ಸುಮಿತ್ರೆಯತ್ತ ತಿರುಗಿದೆ. ಆಕೆ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.

"ಆಕಿಗೆ ಈಗ ತಿಳೀತು ನೋಡ್ರಿ. ಮೊಮ್ಮಗಳಿಗೆ ದೃಷ್ಟಿ ಆಗೇತಂತ ಉಪ್ಪು-ಮೆಣಸಿನಕಾಯಿ ಇಳಿ ತೆಗೀವಾಗ 'ಮನಿಯವರ ಕಣ್ಣು' ಅಂತೀನಲ್ಲ, ನಾ ಯಾರನ್ನ ನೆನಸ್ತೀನಿ ಅಂದ್ಕೊಂಡೀರಿ?"

ಇಬ್ಬರೂ ಕೈ ಕೈ ಹಿಡಿದು ಹೊರಟರು. ಈ ಅವಮಾನವನ್ನೂ ನಾನು ಮರೆಯುವವನಲ್ಲ. ಆದರೆ ಮರುದಿನ ಬೇಲಿಯಾಚೆ ಇಣುಕಿದಾಗ ಆ ಗಿಡದ ಎಲೆಗಳು ಬಾಡಿದ್ದವು. ನಾನೇನೂ ಹೇಳುವುದಿಲ್ಲ. ಗಡ್ಡ ಹೆರೆಯಲು ಕನ್ನಡಿಯ ಮುಂದೆ ನಿಂತವನು, ಈ ವಯಸ್ಸಿಗೆ ಪರವಾಗಿಲ್ಲ, ಕಳೆಯಾಗಿಯೇ ಇದ್ದೇನೆ ಎಂದುಕೊಂಡೆ. ಕೂಡಲೇ ಬಾಗಿಲು ಮುಚ್ಚಿದೆಯೇ ಎಂದು ನೋಡಿ, ಎರಡು ಬೆರಳು ನೆಲದತ್ತ ಝಾಡಿಸಿದೆ.