ದಿನಾ ಎರಡು ಪೇನ್

ಮಳೆ ಕೈಕೊಟ್ಟ ಆ ವರ್ಷ ನಮ್ಮೂರಿನ ಅರ್ಧ ಜನ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದರು. ಅವರ ಮಕ್ಕಳಲ್ಲಿ ಒಂಬತ್ತು ಔರಾದ ಹತ್ತಿರದ ನಮ್ಮ ಶಾಲೆಯಲ್ಲೇ ಹಗಲೂ ರಾತ್ರಿ ಉಳಿದವು. ಎಲ್ಲವೂ ಐದಾರು ವರ್ಷದವು. ಮಾಸ್ತರ ನಾನು, ಅಡುಗೆ ನನ್ನ ಹೆಂಡತಿ ಶಾಂತಾಳದು. ಸಂಜೆಯಾದರೆ ಮಕ್ಕಳು ಬಸ್ಸಿನ ದಾರಿ ನೋಡುತ್ತಾ ಮೂಗು ಒರೆಸಿಕೊಳ್ಳುತ್ತಿದ್ದವು. ಅವನ್ನು ಹೇಗಾದರೂ ನಗಿಸಬೇಕಿತ್ತು.

ಅಷ್ಟರಲ್ಲಿ ಪುದುಚೇರಿಯಿಂದ ಬೀದರಕ್ಕೆ ವರ್ಗವಾಗಿ ಬಂದ ಗೆಳೆಯನೊಬ್ಬ ತನ್ನ ಮಗಳು ಓದಿ ಬಿಟ್ಟ ಆರು ಚಿತ್ರಪುಸ್ತಕ ಕೊಟ್ಟ. ಬೆಕ್ಕು, ರೊಟ್ಟಿ, ಅಮ್ಮ. ಕೆಳಗೆ ಅವುಗಳ ಫ್ರೆಂಚ್ ಹೆಸರು!

"ನಿಮಗ ಫ್ರೆಂಚ್ ಬರ್ತದೇನ್ರಿ?" ಶಾಂತಾ ಕೇಳಿದಳು.

"ಕಾಲೇಜಿನ್ಯಾಗ ಹನ್ನೊಂದು ದಿನ ಕಲ್ತೇನಿ."

"ಹನ್ನೆರಡನೇ ದಿನ ಏನಾಯ್ತ್ರಿ?"

ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ವಿದ್ವಾಂಸರು ಉತ್ತರಿಸುವುದಿಲ್ಲ.

ಲಿಪಿ ಇಂಗ್ಲಿಷಿನದೇ ಇತ್ತು. ಹಾಗೆಯೇ ಓದಿದೆ. ಬೆಕ್ಕಿಗೆ 'ಚಾಟ್' ಎಂದೆ. ಮಕ್ಕಳು ಸೇವು, ಉಳ್ಳಾಗಡ್ಡಿ ಎಲ್ಲಿ ಎಂದು ಕೇಳಿದವು. ಚಿತ್ರದ ಉದ್ದನೆಯ ರೊಟ್ಟಿಗೆ 'ಪೇನ್' ಎಂದೆ. "ಇದೆಂಥಾ ರೊಟ್ಟಿರಿ, ಲಟ್ಟಣಿಗಿ ಇದ್ದಂಗ ಅದ!" ಎಂದು ಬಿದ್ದು ಬಿದ್ದು ನಕ್ಕವು. ಅಮ್ಮನಿಗೆ 'ಮೇರೆ' ಎಂದೆ.

ಎಲ್ಲರಿಗಿಂತ ಚಿಕ್ಕವಳಾದ ಸುಜಾತಾ ಎದ್ದು ನಿಂತಳು. ನಮ್ಮ ಕಡೆಯ ಮಕ್ಕಳಿಗೆ ಉರ್ದು ತಾನಾಗಿ ಬರುತ್ತದೆ. "ಸರ್, ಮೇರೆ ಅಂದ್ರ 'ನಂದು' ಅಲ್ಲೇನ್ರಿ?"

"ಫ್ರೆಂಚಿನ್ಯಾಗ ಅವ್ವ."

ಅವಳು ಚಿತ್ರದ ಮೇಲೆ ಬೆರಳಿಟ್ಟಳು. "ಎರಡೂ ಒಂದ ಬಿಡ್ರಿ," ಎಂದಳು.

ಎಂಟು ದಿನದಲ್ಲಿ ಊಟದ ಸಾಲಿನಿಂದ "ಅಕ್ಕೋರ, ಇನ್ನೊಂದು ಪೇನ್ ಹಾಕ್ರಿ!" ಎಂಬ ಕೂಗು ಕೇಳತೊಡಗಿತು. ನನ್ನ ಎದೆ ಎಷ್ಟು ಉಬ್ಬಿತೆಂದರೆ, ಅಂಗಿಯ ಗುಂಡಿಯೊಂದು ಕಿತ್ತು ಹೋಯಿತು.

ಭಾನುವಾರ ನನ್ನ ಫೋನಿನಲ್ಲಿ ಮಕ್ಕಳು ತಾಯಂದಿರೊಡನೆ ಮಾತಾಡುತ್ತಿದ್ದವು. ಸುಜಾತಾಳ ಸರದಿ ಬಂದಾಗ ನಾನೇ ಹುರಿದುಂಬಿಸಿದೆ: "ಫ್ರೆಂಚಿನ್ಯಾಗ ಮಾತಾಡವ್ವ, ನಿಮ್ಮವ್ವ ಖುಷಿ ಆಗ್ತಾಳ!"

"ಹಲೋ ಮೇರೆ! ಇಲ್ಲಿ ಪೇನ್ ಭಾಳ ರುಚಿ ಅವ. ದಿನಾ ಎರಡು ತಿಂತೇನಿ!"

ಆ ಕಡೆಯಿಂದ ಒಂದು ಚೀರು ಕೇಳಿತು. ಈ ಕಡೆ ಚಾರ್ಜ್ ಮುಗಿದು ಫೋನ್ ಆರಿತು. ಊರಲ್ಲಿ ಕರೆಂಟ್ ಇರಲಿಲ್ಲ.

ಸುಜಾತಾಳ ತಾಯಿ ಪದ್ಮಾಬಾಯಿ ಹೈದರಾಬಾದಿನಲ್ಲಿ ಮನೆಗೆಲಸ ಮಾಡುತ್ತಾ ತೆಲುಗು ಕಲಿತಿದ್ದಳು. ತೆಲುಗಿನಲ್ಲಿ ಪೇನು ಎಂದರೆ ಹೇನು!

ಮರುದಿನ ಮಧ್ಯಾಹ್ನ ಔರಾದ ಬಸ್ಸಿನಿಂದ ನಾಲ್ವರು ತಾಯಂದಿರು ಇಳಿದರು. ಕೈಯಲ್ಲಿ ಬೇವಿನೆಣ್ಣೆ, ಹೇನಿನ ಬಾಚಣಿಗೆ. ಕಣ್ಣಲ್ಲಿ ಬೆಂಕಿ.

"ಮಾಸ್ತರ್ರ! ಬರಗಾಲ ಅದ, ನಮಗೂ ಗೊತ್ತದ," ಎಂದಳು ಪದ್ಮಾಬಾಯಿ. "ಅದಕ್ಕಂತ ಹುಡುಗ್ರಿಗಿ ಹೇನು ತಿನ್ನಸ್ತಾರೇನ್ರಿ?"

ನಾನು ಪುಸ್ತಕ ತೆರೆದು ರೊಟ್ಟಿಯ ಚಿತ್ರ ತೋರಿಸಿದೆ. ಶಾಂತಾ ಬಾಯಿಗೆ ಸೆರಗು ತುರುಕಿಕೊಂಡು ಒಳಗೆ ಓಡಿದಳು.

ಬಂದದ್ದು ಬಂದಾಗಿದೆ ಎಂದು ನಾಲ್ವರೂ ಬೇವಿನ ಮರದ ಕೆಳಗೆ ಕುಳಿತು ಒಂಬತ್ತೂ ತಲೆಗಳನ್ನು ಬಾಚಿದರು. ತಾಯಿ ಬಾರದ ಮಕ್ಕಳನ್ನೂ ಬಿಡಲಿಲ್ಲ. ಒಂದು ಹೇನೂ ಸಿಗಲಿಲ್ಲ. ಆದರೂ ಯಾರೂ ಬಾಚಣಿಗೆ ಕೆಳಗಿಡಲಿಲ್ಲ. ಯಾವ ಮಗುವೂ ಮಡಿಲಿನಿಂದ ತಲೆ ಎತ್ತಲಿಲ್ಲ.

ಬಾಚುತ್ತಲೇ ಪದ್ಮಾಬಾಯಿ ಪುಸ್ತಕದ ಕಡೆ ನೋಡಿದಳು. "ಸರ್, ನಾ ಕೆಲಸ ಮಾಡೂ ಮನ್ಯಾಗಿನ ಹುಡುಗಿ ಸಾಲ್ಯಾಗ ಫ್ರೆಂಚ್ ಕಲೀತಾಳ, ಇದನ್ನ ದಿನಾ ಒದರ್ತಾಳ. ಅದು ಪೇನ್ ಅಲ್ರಿ. 'ಪ್ಯಾಂ'. ಮೂಗಿನ್ಯಾಗ ಅನ್ಬೇಕ್ರಿ."

"ಬೆಕ್ಕು?"

"'ಶಾ'."

"ಅವ್ವ?"

"'ಮೇರ್' ರೀ."

ಹನ್ನೊಂದು ದಿನ ಬೆಂಚಿನ ಮೇಲೆ ಕುಳಿತು ಕಲಿತವನು ನಾನು. ನೆಲ ಒರೆಸುತ್ತಾ ಕಲಿತವಳು ಅವಳು. ಸಂಜೆಯವರೆಗೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳೇ ಪಾಠ ಮಾಡಿದಳು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಮೂಗಿನಲ್ಲಿ ಪ್ರಯತ್ನಿಸಿದೆ. ಸೀನು ಬಂತು.

ಬೆಳಿಗ್ಗೆ ತಾಯಂದಿರು ಬಸ್ಸು ಹತ್ತಿದರು. ಸುಜಾತಾ ರಸ್ತೆ ತಿರುವಿನವರೆಗೂ ಕೈಬೀಸಿ, ಕಣ್ಣೊರೆಸಿಕೊಂಡು, ನೇರ ನನ್ನ ಬಳಿಗೆ ಬಂದಳು.

"ಸರ್, ಇನ್ನ ಮ್ಯಾಲಿಂದ ನಾ ಓದ್ತೇನಿ. ನೀವು ಪುಸ್ತಕ ಅಷ್ಟ ಹಿಡೀರಿ."

ಹೀಗೆ ನಾನು ಪುಸ್ತಕ ಹಿಡಿಯುವ ಹುದ್ದೆಗೆ ವಿಧಿವತ್ತಾಗಿ ನೇಮಕಗೊಂಡೆ. ಮೊದಲ ದಿನವೇ ತಲೆಕೆಳಗಾಗಿ ಹಿಡಿದೆ!