ಖಾಲಿ ಡಬರಿಯ ಒಪ್ಪಂದ

ಕಾಲೇಜಿನಲ್ಲಿ ಹೇಳುವ ಪಾಠವನ್ನು ಮನೆಯಲ್ಲಿ ಜಾರಿಗೆ ತರಲು ಹೋಗಬಾರದು. ಇದು ನನಗೆ ತಡವಾಗಿ ಬಂದ ಬುದ್ಧಿ. ಗಣಿತದ ಮೇಷ್ಟ್ರಿಗೆ ಈ ಅಪಾಯ ಕಡಿಮೆ. ಅವರು ಮನೆಯಲ್ಲಿ ಕೂತು ತ್ರಿಕೋನ ಎಳೆದರೆ ಯಾರಿಗೂ ನೋವಾಗುವುದಿಲ್ಲ. ಚರಿತ್ರೆಯವರು ಸತ್ತವರ ವಿಷಯ ಮಾತಾಡುತ್ತಾರೆ, ಸತ್ತವರು ಜಗಳಕ್ಕೆ ಬರುವುದಿಲ್ಲ. ನಾನು ಅರ್ಥಶಾಸ್ತ್ರದವನು. ನಮ್ಮ ಶಾಸ್ತ್ರದಲ್ಲಿ ಉಣ್ಣುವುದು, ಉಡುವುದು, ಕೊಡುವುದು, ತರುವುದು ಎಲ್ಲ ಸೇರಿರುವುದರಿಂದ ಅದು ಯಾವಾಗ ಅಡುಗೆಮನೆಗೆ ನುಗ್ಗುತ್ತದೆ ಎಂದು ಹೇಳಲಾಗುವುದಿಲ್ಲ.

ಎಂಬತ್ತರ ದಶಕದ ನಡುವೆ, ನಮ್ಮ ದೇಶವೂ ಅಕ್ಕಪಕ್ಕದ ದೇಶಗಳೂ ಸೇರಿ ಒಂದು ಸಂಘ ಕಟ್ಟಿಕೊಂಡ ಚಳಿಗಾಲ ಅದು. ನೆರೆಹೊರೆಯ ಬಡ ದೇಶಗಳು ತಮ್ಮತಮ್ಮಲ್ಲೇ ವ್ಯಾಪಾರ ಮಾಡಿ ಮುಂದೆ ಬರುವುದು ಹೇಗೆ ಎಂಬುದರ ಮೇಲೆ ಭಾಷಣ ಮಾಡಬೇಕೆಂದು ತುಮಕೂರಿನ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ನನಗೆ ಹೇಳಿದರು. ನಾನು ಲೈಬ್ರರಿಯ ಪುಸ್ತಕಗಳನ್ನೆಲ್ಲ ಹೊತ್ತು ತಂದೆ. ಅವುಗಳ ಸಾರಾಂಶ ಇಷ್ಟು: ನೆರೆಯವರೆಲ್ಲ ಅದದೇ ಬೆಳೆ ಬೆಳೆಯುತ್ತಾರೆ, ಅದದೇ ಬಟ್ಟೆ ನೇಯುತ್ತಾರೆ, ಹಾಗಾಗಿ ಒಬ್ಬರಿಗೊಬ್ಬರು ಮಾರಲು ಏನೂ ಇರುವುದಿಲ್ಲ. ಇವರು ಒಂದೊಂದು ಕೆಲಸವನ್ನು ಒಬ್ಬೊಬ್ಬರು ಹಂಚಿಕೊಂಡರೆ ಎಲ್ಲರಿಗೂ ಲಾಭ. ಓದಿದಷ್ಟೂ ಇದು ನನಗೆ ಬಹಳ ಸರಿ ಎನಿಸಿತು.

ಆಗ ನಾವಿದ್ದದ್ದು ಶಿರಾ ಗೇಟಿನ ಹತ್ತಿರ, ಒಂದೇ ಸಾಲಿನ ಮೂರು ಬಾಡಿಗೆ ಮನೆಗಳ ನಡುವಿನದರಲ್ಲಿ. ಎಡಗಡೆ ಗುಬ್ಬಿಯ ರುದ್ರಮ್ಮ. ಹಣೆತುಂಬ ವಿಭೂತಿ, ನಮ್ಮ ತಾಯಿಯ ವಯಸ್ಸು, ಅವರ ಯಜಮಾನರು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಬಲಗಡೆ ಕುಣಿಗಲ್ಲಿನ ನಾಗರತ್ನ. ಆಕೆಯ ಗಂಡ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹಿತ್ತಿಲಲ್ಲಿ ಸೊಂಟದೆತ್ತರದ ಗೋಡೆಗಳು. ಆ ಗೋಡೆಗಳ ಮೇಲೆ ಬೆಳಗಿನಿಂದ ಸಂಜೆವರೆಗೆ ಡಬರಿಗಳು ಓಡಾಡುತ್ತಿದ್ದವು. ಬಂದ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡಬಾರದು ಎಂಬ ಪದ್ಧತಿ ಮೂರು ಮನೆಯಲ್ಲೂ ಇತ್ತು. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವಾದರೂ ಹಾಕಿ ಕೊಡಬೇಕು. ಹೀಗಾಗಿ ಈ ಓಡಾಟ ಯಾವಾಗ ಶುರುವಾಯಿತೋ ಗೊತ್ತಿಲ್ಲ, ಮುಗಿಯುವ ಲಕ್ಷಣವಂತೂ ಇರಲಿಲ್ಲ.

ಅದು ಅವರೆಕಾಯಿಯ ಕಾಲ. ಒಂದು ರಾತ್ರಿ ಊಟಕ್ಕೆ ಕೂತರೆ ನನ್ನ ಮುಂದೆ ಮೂರು ಸಾರು: ನಮ್ಮ ಮನೆಯ ಅವರೆಕಾಳಿನ ಸಾರು, ರುದ್ರಮ್ಮನವರ ಅವರೆಕಾಳಿನ ಸಾರು, ನಾಗರತ್ನಳ ಅವರೆಕಾಳಿನ ಸಾರು. ನಮ್ಮದು ಅವರಿಬ್ಬರ ಮನೆಗೂ ಹೋಗಿತ್ತು. ಪುಸ್ತಕದಲ್ಲಿದ್ದ ದೇಶಗಳೆಲ್ಲ ನನ್ನ ತಟ್ಟೆಯ ಸುತ್ತ ಬಂದು ಕೂತ ಹಾಗಾಯಿತು.

“ಎಲ್ಲರ ಮನೇಲೂ ಅದೇ ಸಾರು. ಕೊಟ್ಟು ತಗೊಂಡು ಯಾರಿಗೇನು ಲಾಭ?” ಅಂದೆ.

“ಅದೇ ಅಂತ ಯಾರು ಹೇಳಿದ್ದು? ರುದ್ರಮ್ಮನೋರು ಕಾಯಿ ರುಬ್ಬಿ ಹಾಕ್ತಾರೆ, ನಾಗರತ್ನ ಬೆಳ್ಳುಳ್ಳಿ ಜಾಸ್ತಿ ಹಾಕ್ತಾಳೆ. ತಿನ್ನೋರಿಗೆ ಗೊತ್ತಾಗ್ಬೇಕಿತ್ತು” ಅಂದಳು ಶಾರದೆ, ನನ್ನ ಹೆಂಡತಿ.

ಅವಳಿಗೆ ಆಗ ಏಳು ತಿಂಗಳು, ಚೊಚ್ಚಲು. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದಳು. “ಹೆರಿಗೆಗೆ ಎಲ್ಲೂ ಹೋಗ್ಬೇಡ ಕಣವ್ವ, ಬಾಣಂತನ ನಾನು ಮಾಡ್ತೀನಿ” ಎಂದು ರುದ್ರಮ್ಮನವರು ಮಾತು ಕೊಟ್ಟಿದ್ದರು. ಆ ಮಾತಿನ ಮೇಲೆ ಶಾರದೆ ಧೈರ್ಯವಾಗಿದ್ದಳು. ಏಳು ತಿಂಗಳ ಬಸುರಿ ಇಷ್ಟೊಂದು ಡಬರಿ ಬೆಳಗುವುದೇಕೆ ಎಂಬ ಕರುಣೆಯೂ ನನ್ನ ಯೋಜನೆಯಲ್ಲಿ ಸೇರಿತ್ತು ಎಂದು ಈಗಲೂ ಹೇಳಿಕೊಳ್ಳುತ್ತೇನೆ.

ಭಾನುವಾರ ಮೂವರು ಗಂಡಸರು ನಮ್ಮ ಜಗಲಿಯ ಮೇಲೆ ಸಭೆ ಸೇರಿದೆವು. ಒಬ್ಬರೂ ಒಲೆ ಹಚ್ಚಿದವರಲ್ಲವಾದ್ದರಿಂದ ಒಪ್ಪಂದ ಹತ್ತೇ ನಿಮಿಷದಲ್ಲಿ ಆಯಿತು. ಮೂರು ಮನೆಗೂ ಸಾರು ರುದ್ರಮ್ಮನವರದು, ಮುದ್ದೆ ನಾಗರತ್ನಳದು, ಅನ್ನ ಪಲ್ಯ ನಮ್ಮದು. ಡಬರಿಯನ್ನು ತೊಳೆದು ಖಾಲಿಯಾಗಿಯೇ ಹಿಂದಿರುಗಿಸತಕ್ಕದ್ದು. ಈ ಕೊನೆಯ ಮಾತನ್ನು ಸೇರಿಸಿದವನು ನಾನು.

ಮೊದಲ ದಿನ ನಾಗರತ್ನ ಗಂಡನ ಶಿಫ್ಟಿಗೆ ಸರಿಯಾಗಿ ಸಂಜೆ ಐದು ಗಂಟೆಗೇ ಮುದ್ದೆ ಕಟ್ಟಿ ಕಳಿಸಿದಳು. ನಾವು ಉಣ್ಣುವ ಹೊತ್ತಿಗೆ ಅದನ್ನು ಮುರಿಯಲು ಎರಡು ಕೈ ಬೇಕಾಯಿತು. ಎರಡನೆಯ ದಿನ ನಮ್ಮ ಪಲ್ಯ ಕಡಿಮೆ ಬಿತ್ತು. ಹೊಸ ವ್ಯವಸ್ಥೆಯಲ್ಲಿ ಇದೆಲ್ಲ ಸಹಜ ಎಂದು ನಾನು ಸಮಾಧಾನ ಹೇಳಿದೆ. ಮೂರನೆಯ ದಿನ ಬೆಳಿಗ್ಗೆ ರುದ್ರಮ್ಮನವರ ಸಾರಿನ ಡಬರಿಯನ್ನು ನಾನೇ ತೊಳೆದು ಗೋಡೆಯ ಮೇಲಿಂದ ಕೊಟ್ಟೆ. ಅವರು ಅದರೊಳಗೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

“ಇನ್ನು ಸಾಕು ಅಂತಲಾ ಮೇಷ್ಟ್ರೇ?”

“ಹಂಗಲ್ಲಮ್ಮ, ಒಪ್ಪಂದ ಇದೆಯಲ್ಲ.”

“ಆಯ್ತು ಬುಡಿ” ಎಂದು ಒಳಗೆ ಹೋದರು.

ಅಂದು ಸಂಜೆ ಸಾರು ಬರಲಿಲ್ಲ. ಮರುದಿನವೂ ಬರಲಿಲ್ಲ. ನಾಗರತ್ನ ಮುದ್ದೆ ನಿಲ್ಲಿಸಿದಳು. ಗೋಡೆಯ ಮೇಲೆ ಬೆಕ್ಕು ಮಲಗಲು ಶುರುಮಾಡಿತು. ಅದುವರೆಗೆ ಅದಕ್ಕೆ ಅಲ್ಲಿ ಜಾಗವೇ ಸಿಕ್ಕಿರಲಿಲ್ಲ. ಶಾರದೆ ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು, ಪಕ್ಕದ ಬಾಗಿಲು ತೆರೆಯದ್ದನ್ನು ನೋಡಿ ಒಳಗೆ ಬಂದಳು. ಅವಳು ನನ್ನನ್ನು ಬೈದಿದ್ದರೆ ವಾಸಿಯಿತ್ತು. ರಾತ್ರಿ ಊಟ ಬಡಿಸುತ್ತ ಒಂದೇ ಮಾತು ಕೇಳಿದಳು: “ಬಾಣಂತನಕ್ಕೆ ಯಾರನ್ನ ಕರೀತೀರಿ? ನಿಮ್ಮ ಪ್ರಿನ್ಸಿಪಾಲ್ರನ್ನಾ?”

ನನಗೆ ನಿಜವಾಗಿ ಹೆದರಿಕೆಯಾಯಿತು. ಏನಾದರೂ ಮಾಡಿ ಒಂದು ಡಬರಿ ಸಾರು ಕಳಿಸು ಎಂದು ಅವಳನ್ನು ಬೇಡಿಕೊಂಡೆ.

“ಖಾಲಿ ಮಾಡಿ ಕೊಟ್ಟೋರು ನೀವು. ತುಂಬಿ ಕೊಡೋರೂ ನೀವೇ” ಅಂದಳು.

ಭಾಷಣದ ಹಿಂದಿನ ದಿನ ಕಾಲೇಜಿಗೆ ರಜೆ ಹಾಕಿ ಅವರೆಕಾಯಿ ಸುಲಿದೆ, ಕೈಯೆಲ್ಲ ಸೊಗಡಾಯಿತು. ಶಾರದೆ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಸಾರು ಎಂದು ಕರೆಯಬಹುದಾದ ಒಂದು ಪದಾರ್ಥ ತಯಾರಾಯಿತು. ಅದನ್ನು ಡಬರಿಗೆ ಬಗ್ಗಿಸಿಕೊಂಡು, ಗೋಡೆಯ ಕಡೆ ಹೋಗದೆ, ಮುಂಬಾಗಿಲಿನಿಂದಲೇ ರುದ್ರಮ್ಮನವರ ಮನೆಗೆ ಹೋದೆ. ಅವರ ಒಲೆಯ ಮೇಲೆ ಅವರೆಕಾಳಿನ ಸಾರೇ ಕುದಿಯುತ್ತಿತ್ತು. ವಾಸನೆ ಬೀದಿಗೇ ಬಂದಿತ್ತು.

ಅವರು ಅಂಗೈಗೆ ಎರಡು ತೊಟ್ಟು ಹಾಕಿಕೊಂಡು ನೆಕ್ಕಿದರು. “ಉಪ್ಪೇ ಹಾಕಿಲ್ವಲ್ಲ ಮೇಷ್ಟ್ರೇ. ಶಾರದ ಮಾಡಿದ್ದಲ್ಲ ಇದು.”

“ನಾನು ಮಾಡಿದ್ದು. ನನ್ನಿಂದ ತಪ್ಪಾಯ್ತಮ್ಮ.”

ಅವರು ಡಬರಿಯೊಂದಿಗೆ ಒಳಗೆ ಹೋದರು. ನಾನು ಬಾಗಿಲಲ್ಲೇ ನಿಂತೆ. ಒಳಗೆ ನೀರು ಸುರಿದ ಸದ್ದು, ಪಾತ್ರೆ ತೊಳೆದ ಸದ್ದು ಕೇಳಿಸಿತು. ಖಾಲಿ ಬಂದರೆ ಶಾರದೆಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಡಬರಿ ಬಂತು. ಮುಟ್ಟಲಾರದಷ್ಟು ಬಿಸಿಯಾಗಿತ್ತು. ಕಂಠಮಟ್ಟ ಸಾರು.

“ಬಿಸಿಬಿಸಿ ತಿನ್ನಕ್ಕೇಳಿ ಅವ್ಳಿಗೆ. ಸಾಯಂಕಾಲ ನಾನೇ ಬರ್ತೀನಿ, ಹಳೇ ಪಂಚೆ ಎಷ್ಟಿವೆ ನೋಡ್ಬೇಕು, ಮಗೀಗೆ” ಅಂದರು.

ಮರುದಿನ ಭಾಷಣ ಮಾಡಿದೆ. ಒಂದೇ ಸರಕನ್ನು ಬೆಳೆಯುವ ನೆರೆಯವರು ಅದನ್ನೇ ಅದಲುಬದಲು ಮಾಡಿಕೊಳ್ಳುವುದರಿಂದ ಲಾಭವಿಲ್ಲ ಎಂದು ಬರೆದುಕೊಂಡಿದ್ದನ್ನು ಬರೆದ ಹಾಗೇ ಓದಿದೆ. ಕೈಯಲ್ಲಿ ಇನ್ನೂ ಅವರೆಯ ಸೊಗಡಿತ್ತು. ಪ್ರಿನ್ಸಿಪಾಲರು ಬಹಳ ಮೆಚ್ಚಿಕೊಂಡರು. ಆ ವರ್ಷ ಕಾಲೇಜಿನ ಪರೀಕ್ಷೆಗೆ ಅದನ್ನೇ ಪ್ರಶ್ನೆಯಾಗಿ ಕೊಟ್ಟೆ. ನಮ್ಮ ಮಗಳು ಹುಟ್ಟಿದ ಮೂರನೆಯ ವಾರ, ಒಳಗೆ ರುದ್ರಮ್ಮನವರು ಮಗುವಿಗೆ ಎಣ್ಣೆ ನೀರು ಹಾಕುತ್ತಿದ್ದಾಗ, ಹೊರಗೆ ಕೂತು ಉತ್ತರ ಪತ್ರಿಕೆ ತಿದ್ದಿದೆ. ಲಾಭವಿದೆ ಎಂದು ಒಬ್ಬನಾದರೂ ಬರೆದಿದ್ದರೆ ಪೂರ್ತಿ ಅಂಕ ಕೊಡೋಣವೆಂದು ಹುಡುಕಿದೆ. ಒಬ್ಬರೂ ಬರೆದಿರಲಿಲ್ಲ. ಎಲ್ಲರೂ ನನ್ನ ಪಾಠವನ್ನು ಚೆನ್ನಾಗಿ ಕೇಳಿಸಿಕೊಂಡಿದ್ದರು.